ಎರಡು ಊರು, ಒಂದು ಜೊತೆ ಹಳೇ ಶೂ

ಅಮೆರಿಕದ ದೊಡ್ಡ ಊರುಗಳಿಗೆ ಮೊದಲ ಸಲ ಹೊರಟವರು ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ರಾಶಿ ಪತ್ರ ಬಂದಿವೆ. ಉತ್ತರ ಹೇಳಲು ನನಗಿರುವ ಅರ್ಹತೆ ಒಂದೇ. ಹದಿನೇಳು ವರ್ಷ ನ್ಯೂಯಾರ್ಕ್ ನಗರದ ನಟ್ಟನಡುವಿನ ಭಾಗವಾದ ಮ್ಯಾನ್‌ಹಾಟನ್‌ನ ಒಂದು ಹೋಟೆಲಿನ ಫ್ರಂಟ್ ಡೆಸ್ಕ್‌ನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ದಾರಿ ತಪ್ಪಿದವರು, ಪರ್ಸ್ ಕಳೆದುಕೊಂಡವರು, ಹಸಿದವರು, ಕಾಲು ಬಾತವರು, ಎಲ್ಲರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನನ್ನ ಮುಂದೆ. ಈಗ ಕೆಲಸ ಬಿಟ್ಟಿದ್ದೇನೆ, ಅದೇ ನಗರದ ಕ್ವೀನ್ಸ್‌ನಲ್ಲಿ ಇದ್ದೇನೆ. ಅಕ್ಕ ಶಿಕಾಗೊ ಹತ್ತಿರ, ಮಗ ಸ್ಯಾನ್ ಫ್ರಾನ್ಸಿಸ್ಕೊ ಕಡೆ. ಹಾಗಾಗಿ ಆ ಎರಡು ಊರುಗಳ ಬಗ್ಗೆಯೂ ಸ್ವಲ್ಪ ಬಾಯಿ ಹಾಕುತ್ತೇನೆ.

ಪ್ರಶ್ನೆ: ನಾವು ನಾಲ್ಕು ಜನ, ಸೆಪ್ಟೆಂಬರ್‌ನಲ್ಲಿ ಹದಿಮೂರು ದಿನ ಬರುತ್ತಿದ್ದೇವೆ. ನ್ಯೂಯಾರ್ಕ್, ನಯಾಗರಾ, ವಾಷಿಂಗ್ಟನ್, ಶಿಕಾಗೊ, ಲಾಸ್ ವೇಗಸ್, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ನೋಡಬೇಕು ಅಂತಿದೆ. ಏಜೆಂಟರು ಆಗುತ್ತದೆ ಅನ್ನುತ್ತಾರೆ. ನಿಜವಾಗಿ ಆಗುತ್ತಾ ಮೇಡಂ? (ದಾವಣಗೆರೆಯ ಓದುಗರು)

ಆಗುತ್ತದೆ, ಏರ್‌ಪೋರ್ಟ್ ನೋಡಲಿಕ್ಕೇ ಬರುವುದಾದರೆ.

ಲೆಕ್ಕ ಹಾಕೋಣ. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ವಿಮಾನದಲ್ಲೇ ಸುಮಾರು ಆರು ಗಂಟೆ. ಎರಡು ಗಂಟೆ ಮೊದಲೇ ಏರ್‌ಪೋರ್ಟ್‌ನಲ್ಲಿರಬೇಕು. ಹೋಟೆಲಿನಿಂದ ಅಲ್ಲಿಗೆ ಹೋಗಲು ಇನ್ನೊಂದು ಗಂಟೆ. ಇಳಿದ ಮೇಲೆ ಮತ್ತೆ ಸೂಟ್‌ಕೇಸ್, ಮತ್ತೆ ಟ್ರಾಫಿಕ್. ದಿನ ಅಲ್ಲಿಗೆ ಮುಗಿಯಿತು. ನಯಾಗರಾ ನ್ಯೂಯಾರ್ಕ್ ರಾಜ್ಯದಲ್ಲೇ ಇರುವುದರಿಂದ ಪಕ್ಕದಲ್ಲೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನ್ಯೂಯಾರ್ಕ್ ನಗರದಿಂದ ಅದು ಸುಮಾರು 650 ಕಿಲೋಮೀಟರ್. ಕಾರಿನಲ್ಲಿ ಏಳು ಗಂಟೆ. ಏಳು ಜಾಗ ಅಂದರೆ ನಡುವೆ ಆರು ಪ್ರಯಾಣ. ಹದಿಮೂರರಲ್ಲಿ ಆರು ಹೋಯಿತು. ಬಂದಿಳಿದ ಮೊದಲೆರಡು ದಿನ ರಾತ್ರಿ ಎರಡಕ್ಕೆ ಕಣ್ಣು ಬಿಟ್ಟುಕೊಂಡು, ಮಧ್ಯಾಹ್ನ ಮೂರಕ್ಕೆ ಕೂತಲ್ಲೇ ತೂಕಡಿಸುತ್ತೀರಿ. ಉಳಿದದ್ದು ಐದು ದಿನ.

ಒಂದು ರಾತ್ರಿ ಎರಡು ಗಂಟೆಗೆ ಒಂದು ಕುಟುಂಬ ನಮ್ಮ ಹೋಟೆಲಿಗೆ ಬಂತು. ಎಂಟು ದಿನದಲ್ಲಿ ಐದನೇ ಊರು ಅವರಿಗೆ. ಅಪ್ಪ ಪಾಸ್‌ಪೋರ್ಟ್ ಹುಡುಕುತ್ತಿದ್ದರು. ವಯಸ್ಸಾದ ಅಮ್ಮ ಸೂಟ್‌ಕೇಸಿನ ಮೇಲೇ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗನನ್ನು ಮೆಲ್ಲಗೆ ಕೇಳಿದರು, ‘ಇದು ಯಾವೂರು ಮಗಾ?’ ‘ನ್ಯೂಯಾರ್ಕ್ ಅಮ್ಮಾ’ ಅಂತ ಡೆಸ್ಕಿನ ಹಿಂದಿನಿಂದ ನಾನೇ ಹೇಳಿದೆ. ಕನ್ನಡ ಕೇಳಿ ಆಕೆಗೆ ಇನ್ನಷ್ಟು ಗೊಂದಲವಾಯಿತು, ವಾಪಸ್ ಊರಿಗೇ ಬಂದೆವೋ ಏನೋ ಅಂತ.

ನನ್ನ ಮಾತು ಕೇಳಿ. ನ್ಯೂಯಾರ್ಕ್‌ಗೆ ಐದು ದಿನ, ವಾಷಿಂಗ್ಟನ್‌ಗೆ ಮೂರು. ಇವೆರಡರ ನಡುವೆ ವಿಮಾನ ಬೇಡ, ರೈಲಿದೆ, ಮೂರೂವರೆ ಗಂಟೆ. ಊರ ನಡುವೆ ಹತ್ತಿ ಊರ ನಡುವೆಯೇ ಇಳಿಯುತ್ತೀರಿ. ಆಮೇಲೆ ನಯಾಗರಾ. ಅದರ ಪಕ್ಕದ ಬಫಲೋ ಊರಿಗೆ ವಿಮಾನದಲ್ಲಿ ಹೋಗಿ, ಒಂದು ರಾತ್ರಿ ಉಳಿದು ಬನ್ನಿ. ಕೆನಡಾ ಕಡೆಯಿಂದ ಜಲಪಾತ ಚೆನ್ನಾಗಿ ಕಾಣುತ್ತದೆ ಅನ್ನುವುದು ನಿಜ, ಆದರೆ ಸೇತುವೆ ದಾಟಲು ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇಕು. ಇಲ್ಲದಿದ್ದರೆ ಬೇಜಾರು ಬೇಡ. ನೀಲಿ ರೇನ್‌ಕೋಟ್ ಹಾಕಿಕೊಂಡು ದೋಣಿಯಲ್ಲಿ ಹೋಗಿ ನೆನೆಯುವ ಸುಖ ಈ ಕಡೆಯಿಂದಲೂ ಇದೆ.

ಪಶ್ಚಿಮ ತೀರ ನೋಡಲೇಬೇಕು ಅಂದರೆ ನಯಾಗರಾ, ವೇಗಸ್ ಎರಡನ್ನೂ ಬಿಡಿ. ನ್ಯೂಯಾರ್ಕ್‌ನಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೊದಿಂದ ವಾಪಸ್ ಹಾರುವ ಹಾಗೆ ಟಿಕೆಟ್ ಮಾಡಿಸಿ. ಸುಮ್ನೆ ನ್ಯೂಯಾರ್ಕ್‌ಗೇ ತಿರುಗಿ ಬರುವ ಒಂದು ದಿನ ಉಳಿಯುತ್ತದೆ. ಲಾಸ್ ಏಂಜಲೀಸ್‌ನಲ್ಲಿ ನೆಂಟರೋ ಕಾರೋ ಇಲ್ಲದಿದ್ದರೆ ಅದನ್ನೂ ಕೈಬಿಡಿ ಅನ್ನುತ್ತೇನೆ. ಆ ಊರಲ್ಲಿ ದೂರವನ್ನು ಯಾರೂ ಮೈಲಿಯಲ್ಲಿ ಹೇಳುವುದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ.

ಇನ್ನೊಂದು. ಪ್ರವಾಸಕ್ಕೆ ಅಂತ ಹೊಸ ಶೂ ಕೊಂಡು ಅದನ್ನೇ ಹಾಕಿಕೊಂಡು ವಿಮಾನ ಹತ್ತಬೇಡಿ. ಮ್ಯಾನ್‌ಹಾಟನ್‌ನಲ್ಲಿ ಉತ್ತರ-ದಕ್ಷಿಣವಾಗಿ ನಡೆದರೆ ಇಪ್ಪತ್ತು ಬ್ಲಾಕ್‌ಗೆ, ಅಂದರೆ ಇಪ್ಪತ್ತು ಅಡ್ಡರಸ್ತೆ ದಾಟುವಷ್ಟಕ್ಕೆ, ಒಂದು ಮೈಲಿ. ‘ಇಲ್ಲೇ ನಲವತ್ತು ಬ್ಲಾಕ್’ ಅಂತ ಹೊರಟವರು ಮೂರು ಕಿಲೋಮೀಟರಿಗೂ ಜಾಸ್ತಿ ನಡೆದಿರುತ್ತಾರೆ. ನನ್ನ ಡ್ರಾಯರಿನಲ್ಲಿ ರೂಮಿನ ಕೀ ಕಾರ್ಡಿಗಿಂತ ಬ್ಯಾಂಡ್‌ಏಡ್ ಬೇಗ ಖಾಲಿಯಾಗುತ್ತಿತ್ತು. ಕಾಲಿಗೆ ಪಳಗಿದ ಹಳೇ ಶೂ ತನ್ನಿ.

ಪ್ರಶ್ನೆ: ನನ್ನ ತಾಯಿ ಮೊದಲ ಸಲ, ಒಬ್ಬರೇ, ತಂಗಿಯ ಬಾಣಂತನಕ್ಕೆ ಹೋಗುತ್ತಿದ್ದಾರೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಇಮಿಗ್ರೇಷನ್‌ನಲ್ಲಿ ಏನು ಕೇಳುತ್ತಾರೆ? ಉಪ್ಪಿನಕಾಯಿ, ಚಟ್ನಿಪುಡಿ, ಕರಿಬೇವು ಒಯ್ಯಬಹುದಾ? (ಹಾಸನದ ಓದುಗರು)

ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಆಗುವವರಿಗೆ ಯಾಕೆ ಅಂತ ಮುಜುಗರ ಬೇಡ. ಸಾಮಾನು ತೆಗೆದುಕೊಂಡು ಬಾಗಿಲ ತನಕ ಬಿಡುವ ಒಬ್ಬ ಮನುಷ್ಯ ಜೊತೆಗಿರುತ್ತಾರೆ ಅನ್ನುವುದೇ ದೊಡ್ಡದು. ಅದಕ್ಕೆ ಶುಲ್ಕ ಇಲ್ಲ.

ಇಮಿಗ್ರೇಷನ್ ಅಧಿಕಾರಿ ಕೇಳುವುದು ಸಾಮಾನ್ಯವಾಗಿ ಮೂರ್ನಾಲ್ಕು ಮಾತು. ಯಾಕೆ ಬಂದಿರಿ, ಎಲ್ಲಿರುತ್ತೀರಿ, ಎಷ್ಟು ದಿನ, ವಾಪಸ್ ಟಿಕೆಟ್ ಇದೆಯಾ. ಒಂದು ಹಾಳೆಯಲ್ಲಿ ಮಗಳ ಹೆಸರು, ಮನೆಯ ವಿಳಾಸ, ಫೋನ್ ನಂಬರ್, ವಾಪಸಾಗುವ ತಾರೀಕು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಪಾಸ್‌ಪೋರ್ಟ್ ಒಳಗಿಡಿ. ಫೋನಿನಲ್ಲಿ ಇದ್ದರೆ ಸಾಲದು, ಅದರ ಚಾರ್ಜ್ ಸರಿಯಾಗಿ ಅಲ್ಲೇ ಮುಗಿಯುತ್ತದೆ. ‘ಮಗಳ ಮನೆಗೆ ಬಂದೆ, ಮೊಮ್ಮಗು ನೋಡಲು’ ಅಂದರೆ ಸಾಕು. ಕೇಳದೇ ಇದ್ದದ್ದನ್ನು ಹೇಳಬೇಕಾಗಿಲ್ಲ. ಮಾತು ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸಬಾರದು. ‘ಕನ್ನಡ’ ಅನ್ನಲಿ, ಭಾಷೆ ಗೊತ್ತಿರುವವರನ್ನು ಫೋನಿನಲ್ಲಾದರೂ ಹಿಡಿಯುತ್ತಾರೆ.

ಒಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ವೀಸಾ ಹತ್ತು ವರ್ಷದ್ದು ಅಂದರೆ ಹತ್ತು ವರ್ಷ ಇರಬಹುದು ಅಂತಲ್ಲ. ಒಳಗೆ ಬಿಡುವಾಗ ಅಧಿಕಾರಿ ಕೊಡುವ ತಾರೀಕೇ ಲೆಕ್ಕ. ವಿಸಿಟರ್ ವೀಸಾಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಅದರ ದಾಖಲೆ ಐ-94 ಅಂತ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಂದ ವಾರದಲ್ಲೇ ತಂಗಿ ಅದನ್ನು ತೆಗೆದು ನೋಡಿಕೊಳ್ಳಲಿ.

ಈಗ ಡಬ್ಬಿ ವಿಚಾರ. ಉಪ್ಪಿನಕಾಯಿ ಸರಿ, ಚಟ್ನಿಪುಡಿ ಸರಿ, ಸಾರಿನ ಪುಡಿ ಸರಿ. ಪುಡಿಗಳನ್ನೆಲ್ಲ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಕೈಚೀಲದಲ್ಲಿ 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಇದ್ದರೆ ಬಿಚ್ಚಿ ನೋಡುತ್ತಾರೆ, ಅನುಮಾನ ಬಂದರೆ ಅಲ್ಲೇ ಬಿಟ್ಟು ಹೋಗಬೇಕು. ಹಸಿ ಕರಿಬೇವು ಬೇಡವೇ ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಹುಳು ಅದರಲ್ಲಿ ಬರುತ್ತದೆ ಅಂತ ನಿಷೇಧ. ತಾಜಾ ಹಣ್ಣು, ಬಿತ್ತನೆ ಬೀಜ ಕೂಡ ಇಲ್ಲ. ಅಕ್ಕಿ, ಕಡಲೆಕಾಳು ಸಹ ಒಯ್ಯಬಾರದು, ಧಾನ್ಯಕ್ಕೆ ಬೀಳುವ ಒಂದು ಜಾತಿಯ ಹುಳುವಿನ ಭಯ ಅವರಿಗೆ. ತಿಂಡಿ ಇದೆಯಾ ಅಂತ ಕೇಳಿದರೆ ಇದೆ ಅನ್ನಬೇಕು. ಇದ್ದದ್ದನ್ನು ಹೇಳಿದರೆ ಹೆಚ್ಚೆಂದರೆ ಕಸದ ಡಬ್ಬಿಗೆ ಹೋಗುತ್ತದೆ. ಇಲ್ಲ ಅಂದು ಸಿಕ್ಕಿಬಿದ್ದರೆ ದಂಡ.

ಪ್ರಶ್ನೆ: ನ್ಯೂಯಾರ್ಕ್‌ನ ನೆಲದಡಿಯ ರೈಲು, ಸಬ್‌ವೇ, ಅಂದರೆ ಭಯ ಅನ್ನುತ್ತಾರೆ. ಹೆಂಗಸರು ಓಡಾಡಬಹುದಾ? ಟಿಕೆಟ್ ಹೇಗೆ ತೆಗೆದುಕೊಳ್ಳುವುದು? (ಬೆಂಗಳೂರಿನ ಓದುಗರು)

ನಾನು ಹದಿನೇಳು ವರ್ಷ ರಾತ್ರಿ ಹತ್ತಕ್ಕೆ ಒಬ್ಬಳೇ ಹತ್ತಿ ಕೆಲಸಕ್ಕೆ ಹೋಗಿದ್ದೇನೆ. ಭಯಕ್ಕಿಂತ ಜಾಸ್ತಿ ಕಾಡಿದ್ದು ಬೇಸಿಗೆಯ ಸೆಕೆ. ಪ್ಲಾಟ್‌ಫಾರ್ಮ್ ಅಂದರೆ ಒಲೆಯ ಮುಂದೆ ನಿಂತ ಹಾಗೆ.

ಟಿಕೆಟ್ ಅಂತ ಈಗ ಕಾಗದ ಬೇಕಾಗಿಲ್ಲ. ಹಳದಿ ಮೆಟ್ರೊಕಾರ್ಡ್ ಮಾರುವುದನ್ನು 2025ರ ಕೊನೆಗೆ ನಿಲ್ಲಿಸಿದರು. ಒಂದು ನನ್ನ ಪರ್ಸಿನಲ್ಲಿ ಇನ್ನೂ ಇದೆ, ಬಿಸಾಡಲು ಮನಸ್ಸು ಬಂದಿಲ್ಲ. ಈಗ ಗೇಟಿನಲ್ಲಿ ಕ್ರೆಡಿಟ್ ಕಾರ್ಡನ್ನೋ ಫೋನನ್ನೋ ಮುಟ್ಟಿಸಿದರೆ ಆಯಿತು. ಹೊರಡುವ ಮೊದಲು ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿಕೊಳ್ಳಿ. 2026ರ ಜನವರಿಯಿಂದ ಒಂದು ಸಲಕ್ಕೆ 3 ಡಾಲರ್. ಎಷ್ಟು ದೂರ ಹೋದರೂ ಅಷ್ಟೇ. ಏಳು ದಿನದೊಳಗೆ 35 ಡಾಲರ್ ಮುಟ್ಟಿದ ಮೇಲೆ ಉಳಿದ ಓಡಾಟ ಪುಕ್ಕಟೆ. ಆದರೆ ಪ್ರತಿಸಲ ಅದೇ ಕಾರ್ಡೇ ಮುಟ್ಟಿಸಬೇಕು. ಬೆಳಿಗ್ಗೆ ಕಾರ್ಡು, ಸಂಜೆ ಫೋನು ಅಂತ ಮಾಡಿದರೆ ಗೇಟಿನ ಯಂತ್ರ ಇಬ್ಬರು ಬೇರೆ ಬೇರೆ ಮನುಷ್ಯರು ಅಂದುಕೊಳ್ಳುತ್ತದೆ. 44 ಇಂಚಿಗಿಂತ ಕುಳ್ಳಗಿರುವ ಮಕ್ಕಳಿಗೆ ದುಡ್ಡಿಲ್ಲ.

ಜನ ತಪ್ಪು ಮಾಡುವುದು ಇಲ್ಲಿ. ಒಂದೇ ಪ್ಲಾಟ್‌ಫಾರ್ಮಿಗೆ ಎರಡು ಥರ ರೈಲು ಬರುತ್ತವೆ. ಲೋಕಲ್ ಎಲ್ಲ ಕಡೆ ನಿಲ್ಲುತ್ತದೆ, ಎಕ್ಸ್‌ಪ್ರೆಸ್ ಕೆಲವೇ ಕಡೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇರುವುದು 81ನೇ ಬೀದಿಯಲ್ಲಿ. ಅಲ್ಲಿ ನಿಲ್ಲುವುದು ಬಿ ಮತ್ತು ಸಿ. ಮೊದಲು ಬಂತು ಅಂತ ಎ ರೈಲು ಹತ್ತಿದಿರೋ, ಹಗಲಲ್ಲಿ ಅದು 59ನೇ ಬೀದಿ ಬಿಟ್ಟರೆ ನಿಲ್ಲುವುದು ಹಾರ್ಲೆಮ್‌ನ 125ರಲ್ಲೇ. ಕಿಟಕಿಯಲ್ಲಿ 81 ಅನ್ನುವ ಬೋರ್ಡ್ ಸರ್ರನೆ ಹಿಂದೆ ಹೋಗುವಾಗ ಆಗುವ ಗಾಬರಿ ನನಗೂ ಗೊತ್ತು. ಏನೂ ಆಗಿಲ್ಲ. 125ರಲ್ಲಿ ಇಳಿದು, ವಾಪಸ್ ಹೋಗುವ ಪ್ಲಾಟ್‌ಫಾರ್ಮಿಗೆ ಹೋಗಿ ಲೋಕಲ್ ಹತ್ತಿ.

ಕೆಲವು ಮೆಟ್ಟಿಲುಗಳ ಮೇಲೆ ‘ಅಪ್‌ಟೌನ್ ಓನ್ಲಿ’ ಅಂತ ಬರೆದಿರುತ್ತದೆ. ದುಡ್ಡು ಕೊಟ್ಟು ಇಳಿದ ಮೇಲೆ ನೋಡುವ ಬೋರ್ಡಲ್ಲ ಅದು, ಇಳಿಯುವ ಮೊದಲೇ ನೋಡಿ. ಅಪ್‌ಟೌನ್ ಅಂದರೆ ಉತ್ತರಕ್ಕೆ, ಬೀದಿ ನಂಬರ್ ಏರುವ ಕಡೆಗೆ. ಶನಿವಾರ, ಭಾನುವಾರ ರಿಪೇರಿ ಇರುತ್ತದೆ, ರೈಲುಗಳು ದಾರಿ ಬದಲಿಸುತ್ತವೆ. ಕಂಬಕ್ಕೆ ಅಂಟಿಸಿದ ಕಾಗದ ಓದಿ.

ರಾತ್ರಿ ಹೊತ್ತಾದರೆ ಪ್ಲಾಟ್‌ಫಾರ್ಮಿನ ಮಧ್ಯದಲ್ಲಿ ಮೇಲೆ ನೋಡಿ. ಕಪ್ಪು ಬಿಳಿ ಪಟ್ಟೆಯ ಒಂದು ಹಲಗೆ ನೇತಾಡುತ್ತಿರುತ್ತದೆ. ರೈಲು ನಿಂತಾಗ ಕಂಡಕ್ಟರ್ ಇರುವ ಡಬ್ಬಿ ಸರಿಯಾಗಿ ಅದರ ಎದುರಿಗೇ ಬರುತ್ತದೆ. ಪ್ರತಿ ನಿಲ್ದಾಣದಲ್ಲೂ ಅವರು ಕಿಟಕಿಯಿಂದ ಕೈ ಚಾಚಿ ಆ ಹಲಗೆಯತ್ತ ಬೆರಳು ತೋರಿಸಲೇಬೇಕು, ರೈಲು ಸರಿಯಾದ ಜಾಗದಲ್ಲಿ ನಿಂತಿದೆ ಅನ್ನುವುದಕ್ಕೆ. ನಾನು ಯಾವಾಗಲೂ ಆ ಹಲಗೆಯ ಕೆಳಗೇ ನಿಲ್ಲುತ್ತಿದ್ದೆ. ಇಡೀ ರೈಲು ತುಂಬಿದ್ದು ಒಂದೇ ಡಬ್ಬಿ ಖಾಲಿ ಇದ್ದರೆ, ಅದೃಷ್ಟ ಅಂತ ನುಗ್ಗಬೇಡಿ. ಒಂದೋ ಎಸಿ ಕೆಟ್ಟಿದೆ, ಇಲ್ಲವೇ ಒಳಗೆ ನಿಲ್ಲಲಾರದ ವಾಸನೆ ಇದೆ. ಊರಿನವರು ಆಗಲೇ ಮೂಸಿ ನೋಡಿ ಪಕ್ಕದ ಡಬ್ಬಿಗೆ ಹೋಗಿರುತ್ತಾರೆ.

ಪ್ರಶ್ನೆ: ಟಿಪ್ಸ್ ಎಷ್ಟು ಕೊಡಬೇಕು? ಕೊಡದಿದ್ದರೆ ಏನಾಗುತ್ತದೆ? (ಹುಬ್ಬಳ್ಳಿಯ ಓದುಗರು)

ಪೊಲೀಸರು ಬರುವುದಿಲ್ಲ. ಆದರೆ ಬಡಿಸಿದ ಹುಡುಗಿಗೆ ಅವತ್ತಿನ ಸಂಬಳದಲ್ಲಿ ಖೋತಾ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ. ಹಲವು ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಕೊಡುತ್ತಾರೆ, ಕ್ಯಾಲಿಫೋರ್ನಿಯದಲ್ಲಿ ಬೇರೆ ಕೆಲಸಗಾರರಷ್ಟೇ ಪೂರ್ತಿ ಕನಿಷ್ಠ ಕೂಲಿ ಕೊಡುತ್ತಾರೆ. ಆದರೂ ಟಿಪ್ಸ್ ಅನ್ನುವುದು ಬಕ್ಷೀಸಲ್ಲ, ಊಟದ ಬೆಲೆಯ ಒಂದು ಭಾಗ.

ಕೂತು ತಿಂದು, ಒಬ್ಬರು ಬಡಿಸಿದರೆ ನೂರಕ್ಕೆ 18ರಿಂದ 20. ನ್ಯೂಯಾರ್ಕಿನ ಮಾರಾಟ ತೆರಿಗೆ ನೂರಕ್ಕೆ 8.875. ಹಾಗಾಗಿ ಈ ಊರಲ್ಲಿ ಬಿಲ್ಲಿನ ತೆರಿಗೆಯನ್ನು ಎರಡರಿಂದ ಗುಣಿಸಿ ಸ್ವಲ್ಪ ಮೇಲೆ ಹಾಕಿದರೆ ಲೆಕ್ಕ ಆಯಿತು. ಮೆನುವಿನಲ್ಲಿ 40 ಡಾಲರ್ ಅಂತ ಕಂಡ ಊಟ, 3.55 ತೆರಿಗೆ, 7.20 ಟಿಪ್ಸ್ ಸೇರಿ 50.75 ಆಗುತ್ತದೆ. ಮೆನು ನೋಡುವಾಗಲೇ ಕಾಲುಭಾಗ ಸೇರಿಸಿ ಓದಿ, ಬಿಲ್ಲು ಬಂದಾಗ ಎದೆ ಹಿಡಿದುಕೊಳ್ಳುವುದು ತಪ್ಪುತ್ತದೆ. ಬಿಲ್ಲಿನಲ್ಲಿ ‘ಗ್ರಾಚ್ಯುಟಿ’ ಅಂತ, ಅಂದರೆ ಟಿಪ್ಸೇ, ಆಗಲೇ ಹಾಕಿದ್ದಾರಾ ನೋಡಿ. ದೊಡ್ಡ ಗುಂಪಾಗಿ ಹೋದರೆ ಎಷ್ಟೋ ಕಡೆ ಹಾಕಿರುತ್ತಾರೆ, ಎರಡೆರಡು ಸಲ ಕೊಡಬೇಕಾಗಿಲ್ಲ.

ಕೌಂಟರಿನಲ್ಲಿ ಕಾಫಿ ತೆಗೆದುಕೊಂಡಾಗ ಟ್ಯಾಬ್ಲೆಟ್ ಒಂದನ್ನು ನಿಮ್ಮ ಕಡೆ ತಿರುಗಿಸುತ್ತಾರೆ. 18, 20, 25 ಅಂತ ದೊಡ್ಡ ಬಟನ್‌ಗಳು, ಮೂಲೆಯಲ್ಲಿ ಚಿಕ್ಕದಾಗಿ ‘ನೋ ಟಿಪ್’. ಆ ಚಿಕ್ಕದನ್ನು ಒತ್ತಲು ಹೆದರಬೇಡಿ, ಒಂದು ಲೋಟ ಕಾಫಿ ಕೈಗೆ ಕೊಟ್ಟದ್ದಕ್ಕೆ ನಾನೂ ಕೊಡುವುದಿಲ್ಲ. ಆದರೆ ಹೋಟೆಲ್ ರೂಮು ಗುಡಿಸುವ ಹೆಂಗಸಿಗೆ ದಿನಕ್ಕೆ ಮೂರೋ ಐದೋ ಡಾಲರ್ ದಿಂಬಿನ ಮೇಲೆ ಇಡಿ. ಕೊನೆಯ ದಿನಕ್ಕೆ ಅಂತ ಕೂಡಿಡಬೇಡಿ, ಅವತ್ತು ಬೇರೆಯವಳು ಬಂದಿರುತ್ತಾಳೆ. ಇದು ನನ್ನ ಜೊತೆ ಕೆಲಸ ಮಾಡಿದವರ ಪರವಾಗಿ.

ಹೋಟೆಲ್ ಅಂದಮೇಲೆ ಒಂದು ಮಾತು. ‘ರೆಸಾರ್ಟ್ ಫೀ’, ‘ಡೆಸ್ಟಿನೇಷನ್ ಫೀ’ ಅಂತ ಕೊನೆಯಲ್ಲಿ ಸೇರಿಸುವ ಚಾಳಿ ಇತ್ತು. ಇಂಥ ಕಡ್ಡಾಯ ಶುಲ್ಕವನ್ನು ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕು ಅಂತ 2025ರ ಮೇ ತಿಂಗಳಿಂದ ನಿಯಮ ಬಂದಿದೆ. ತೆರಿಗೆ ಮಾತ್ರ ಬೇರೆ. ನ್ಯೂಯಾರ್ಕಿನಲ್ಲಿ ಅದು ನೂರಕ್ಕೆ 14.75, ಮೇಲೆ ರಾತ್ರಿಗೆ ಮೂರೂವರೆ ಡಾಲರ್. ಬಂದ ಕೂಡಲೇ ಕಾರ್ಡಿನಲ್ಲಿ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ, ರೂಮು ಬಿಟ್ಟ ಮೇಲೆ ಬಿಡುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಆ ದುಡ್ಡು ಎಷ್ಟೋ ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಕ್ರೆಡಿಟ್ ಕಾರ್ಡೇ ಕೊಡಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಉಪವಾಸವೇ ಗತಿಯಾ? (ಉಡುಪಿಯ ಓದುಗರು)

ಇಲ್ಲ, ದಪ್ಪ ಆಗಿ ವಾಪಸ್ ಹೋಗುತ್ತೀರಿ. ಕಷ್ಟ ಇರುವುದು ಊಟ ಸಿಗುವುದರಲ್ಲಲ್ಲ, ಕಣ್ಣಿಗೆ ಕಾಣದ್ದರಲ್ಲಿ. ತರಕಾರಿ ಸೂಪು ಅಂತ ಇರುತ್ತದೆ, ಅದರ ನೀರು ಮಾತ್ರ ಕೋಳಿಮಾಂಸ ಬೇಯಿಸಿದ್ದು. ಸೀಸರ್ ಸಲಾಡ್ ಡ್ರೆಸಿಂಗ್‌ನಲ್ಲಿ ಮೀನು. ಕೆಲವು ಮೆಕ್ಸಿಕನ್ ಅಂಗಡಿಗಳ ಅರೆದ ಕಾಳಿನಲ್ಲಿ ಹಂದಿಯ ಕೊಬ್ಬು. ಮಾರ್ಷ್‌ಮೆಲ್ಲೋ ಅನ್ನುವ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜೆಲಾಟಿನ್. ಮೆಕ್‌ಡೊನಾಲ್ಡ್ಸ್‌ನ ಆಲೂ ಫ್ರೈಸ್‌ಗೂ ಅಮೆರಿಕದಲ್ಲಿ ಬೀಫ್ ಫ್ಲೇವರ್ ಸೇರಿಸುತ್ತಾರೆ, ಅವರ ಪಟ್ಟಿಯಲ್ಲೇ ಬರೆದಿದೆ. ‘ವೆಜಿಟೇರಿಯನ್’ ಅಂದರೆ ಸಾಲದು. ‘ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್’ ಅಂತ ಒಂದೊಂದೇ ಹೇಳಿ. ಅಥವಾ ‘ವೀಗನ್’ ಅನ್ನಿ. ಹಾಲು ಮೊಸರು ತಪ್ಪುತ್ತದೆ, ಆದರೆ ಮೊಟ್ಟೆಯೂ ತಪ್ಪುತ್ತದೆ.

ಅವಸರಕ್ಕೆ ಚಿಪೋಟ್ಲೆ ಅನ್ನುವ ಮೆಕ್ಸಿಕನ್ ಥರದ ಊಟದ ಅಂಗಡಿ ಒಳ್ಳೆಯದು. ಕಣ್ಣೆದುರೇ ಅನ್ನ, ಕಾಳು, ತರಕಾರಿ ಹಾಕಿಸಿಕೊಳ್ಳಬಹುದು, ಕಾಳಿಗೆ ಮಾಂಸದ ಸೋಂಕಿಲ್ಲ. ಒಂದು ಬಟ್ಟಲು ಇಬ್ಬರಿಗೆ ಸಾಕು. ನೀರು ಕೇಳುವಾಗ ‘ಟ್ಯಾಪ್ ವಾಟರ್’ ಅನ್ನಿ, ಪುಕ್ಕಟೆ. ನ್ಯೂಯಾರ್ಕಿನ ನಲ್ಲಿ ನೀರು ಬೆಟ್ಟದ ಜಲಾಶಯಗಳಿಂದ ಬರುವುದು, ಧೈರ್ಯವಾಗಿ ಕುಡಿಯಬಹುದು. ‘ನೋ ಐಸ್’ ಅನ್ನದಿದ್ದರೆ ಮುಕ್ಕಾಲು ಲೋಟ ಮಂಜುಗಡ್ಡೆ.

ದೋಸೆ ಇಲ್ಲದೆ ಆಗದು ಅನ್ನುವವರು 7ನೇ ನಂಬರ್ ರೈಲಿನಲ್ಲಿ ಕೊನೆಯ ಸ್ಟಾಪ್ ಫ್ಲಶಿಂಗ್‌ಗೆ ಬನ್ನಿ. ಅಲ್ಲಿಂದ ಅರ್ಧ ಗಂಟೆಯೊಳಗಿನ ನಡಿಗೆಯಲ್ಲಿ ಬೌನ್ ಸ್ಟ್ರೀಟ್‌ನ ಗಣೇಶನ ದೇವಸ್ಥಾನ ಇದೆ, 1977ರಲ್ಲಿ ಪ್ರತಿಷ್ಠೆಯಾದದ್ದು. ಅದರ ನೆಲಮಾಳಿಗೆಯಲ್ಲಿ ಕ್ಯಾಂಟೀನ್. ಪ್ಲಾಸ್ಟಿಕ್ ಟ್ರೇ ಹಿಡಿದು, ನಂಬರ್ ಕೂಗುವುದನ್ನು ಕಾಯುತ್ತ ನಿಂತರೆ ಪಕ್ಕದ ಟೇಬಲ್ಲಿನಲ್ಲಿ ಚೀನೀ ಅಜ್ಜಿಯೊಬ್ಬರು ಮಸಾಲೆ ದೋಸೆಯನ್ನು ಫೋರ್ಕಿನಲ್ಲಿ ಕತ್ತರಿಸುತ್ತಿರುತ್ತಾರೆ.

ಪ್ರಶ್ನೆ: ಕೇಳಲು ಸಂಕೋಚ. ನನಗೆ ಸಕ್ಕರೆ ಕಾಯಿಲೆ, ಪದೇ ಪದೇ ಹೋಗಬೇಕಾಗುತ್ತದೆ. ಊರೊಳಗೆ ಟಾಯ್ಲೆಟ್ ಸಿಗುತ್ತಾ? (ಹೆಸರು ಬೇಡ ಎಂದ ಓದುಗರು)

ಸಂಕೋಚ ಯಾಕೆ, ಡೆಸ್ಕಿನಲ್ಲಿ ನನಗೆ ಅತಿ ಹೆಚ್ಚು ಬಂದ ಪ್ರಶ್ನೆಯೇ ಇದು. ‘ರೆಸ್ಟ್‌ರೂಮ್’ ಅಂತ ಕೇಳಿ. ಮ್ಯಾನ್‌ಹಾಟನ್‌ನಲ್ಲಿ ಎಲ್ಲಕ್ಕಿಂತ ಚೊಕ್ಕದು 42ನೇ ಬೀದಿಯ ಬ್ರಯಂಟ್ ಪಾರ್ಕಿನದು, ಒಳಗೆ ತಾಜಾ ಹೂವು ಇಟ್ಟಿರುತ್ತಾರೆ, ಸಂಗೀತ ಹಾಕಿರುತ್ತಾರೆ. ಪಕ್ಕದ ದೊಡ್ಡ ಲೈಬ್ರರಿ, ಬಟ್ಟೆಯ ದೊಡ್ಡ ಅಂಗಡಿಗಳು, ಫೆರಿ ನಿಲ್ದಾಣ ಇವೆಲ್ಲ ಸರಿ. ಕಾಫಿ ಅಂಗಡಿಗಳಲ್ಲಿ ಬಾಗಿಲಿಗೆ ನಂಬರ್ ಬೀಗ ಇರುತ್ತದೆ, ಆ ನಂಬರ್ ಎಷ್ಟೋ ಸಲ ರಸೀದಿಯ ಮೇಲೇ ಇರುತ್ತದೆ. ಇನ್ನೊಂದು ಗುಟ್ಟು: ದೊಡ್ಡ ಹೋಟೆಲಿನ ಲಾಬಿಗೆ ಅಲ್ಲೇ ಉಳಿದುಕೊಂಡವರ ಹಾಗೆ ಸೀದಾ ನಡೆದು ಹೋಗಿ. ನಾವು ಯಾರನ್ನೂ ತಡೆಯುತ್ತಿರಲಿಲ್ಲ. ಅತ್ತ ಇತ್ತ ಕಳ್ಳರ ಹಾಗೆ ನೋಡುವವರನ್ನು ಮಾತ್ರ ಕೇಳುತ್ತಿದ್ದೆವು.

ಪ್ರಶ್ನೆ: ಟೈಮ್ಸ್ ಸ್ಕ್ವೇರ್‌, ಲಿಬರ್ಟಿ ಪ್ರತಿಮೆಯ ಹತ್ತಿರ ಮೋಸ ಮಾಡುತ್ತಾರಂತೆ? (ಮಂಗಳೂರಿನ ಓದುಗರು)

ಟೈಮ್ಸ್ ಸ್ಕ್ವೇರಿನಲ್ಲಿ ಕಾರ್ಟೂನ್ ವೇಷದವರು ಮಕ್ಕಳನ್ನು ತಬ್ಬಿ ಫೋಟೊಗೆ ನಿಲ್ಲುತ್ತಾರೆ. ಆಮೇಲೆ ಕೈ ಚಾಚುತ್ತಾರೆ. ಒಂದು ವೇಷ ಇದ್ದದ್ದು ಕ್ಲಿಕ್ ಮಾಡುವಷ್ಟರಲ್ಲಿ ನಾಲ್ಕಾಗಿರುತ್ತದೆ, ನಾಲ್ವರಿಗೂ ಬೇಕು. ಬೇಡ ಅಂದರೆ ನಡೆಯುತ್ತಾ ಇರಿ, ನಿಲ್ಲಬೇಡಿ.

ಲಿಬರ್ಟಿ ದ್ವೀಪಕ್ಕೆ ಇಳಿಸುವ ಪರವಾನಗಿ ಇರುವುದು ಸ್ಟ್ಯಾಚ್ಯೂ ಸಿಟಿ ಕ್ರೂಸಸ್ ಅನ್ನುವ ಒಂದೇ ದೋಣಿ ಕಂಪನಿಗೆ. ದಾರಿಯಲ್ಲಿ ಜಾಕೆಟ್ ಹಾಕಿಕೊಂಡು, ಕೊರಳಿಗೆ ಕಾರ್ಡ್ ನೇತು ಹಾಕಿಕೊಂಡು ಟಿಕೆಟ್ ಮಾರುವವರು ನಿಮ್ಮನ್ನು ಬೇರೆ ದೋಣಿ ಹತ್ತಿಸಿ ದೂರದಿಂದ ತೋರಿಸುತ್ತಾರೆ. ದೂರದಿಂದಲೇ ನೋಡುವುದಾದರೆ ದುಡ್ಡು ಯಾಕೆ? ಸ್ಟೇಟನ್ ಐಲ್ಯಾಂಡ್ ಫೆರಿ ಪೂರ್ತಿ ಪುಕ್ಕಟೆ, 25 ನಿಮಿಷ, ಹಗಲೂ ರಾತ್ರಿ ಓಡುತ್ತದೆ. ಹೋಗುವಾಗ ಬಲಗಡೆ ನಿಲ್ಲಿ. ಸಂಜೆ ಹೊತ್ತು ಹೋಗಿ ದೀಪ ಹತ್ತಿದ ಮೇಲೆ ವಾಪಸ್ ಬಂದರೆ ಇಡೀ ಮ್ಯಾನ್‌ಹಾಟನ್ ಮುಂದೆ ಬರುತ್ತದೆ. ಬ್ರೂಕ್ಲಿನ್ ಸೇತುವೆಗೂ ಹಾಗೇ. ಬ್ರೂಕ್ಲಿನ್ ಕಡೆಯಿಂದ ಮ್ಯಾನ್‌ಹಾಟನ್‌ಗೆ ನಡೆಯಿರಿ, ಊರು ಬೆನ್ನಿಗಲ್ಲ, ಮುಖಕ್ಕಿರುತ್ತದೆ.

ಪ್ರಶ್ನೆ: ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ. ಕ್ಯಾಲಿಫೋರ್ನಿಯ ಅಂದರೆ ಬಿಸಿಲು ಅಲ್ವಾ, ಹತ್ತಿ ಬಟ್ಟೆ ಸಾಕಾ? (ಮೈಸೂರಿನ ಓದುಗರು)

ಸಾಲದು. ಮಧ್ಯಾಹ್ನವೇ 19 ಡಿಗ್ರಿ ಆಸುಪಾಸು, ಮೇಲೆ ಗಾಳಿ. ಒಳನಾಡು ಕಾದಷ್ಟೂ ಅದು ಸಮುದ್ರದ ತಣ್ಣನೆ ಮಂಜನ್ನು ಗೋಲ್ಡನ್ ಗೇಟ್ ಮೂಲಕ ಎಳೆದುಕೊಳ್ಳುತ್ತದೆ. ಆ ಮಂಜಿಗೆ ಊರವರು ಕಾರ್ಲ್ ಅಂತ ಹೆಸರಿಟ್ಟಿದ್ದಾರೆ. ಬಂದರಿನ ಹತ್ತಿರ ಊರ ಹೆಸರು ಬರೆದ ಸ್ವೆಟರ್ ಮಾರುವ ಅಂಗಡಿಗಳು ಬದುಕಿರುವುದೇ ನಿಮ್ಮಂಥವರಿಂದ. ನಿಜವಾದ ಬಿಸಿಲು ಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್.

ಕಾರು ಬಾಡಿಗೆಗೆ ತೆಗೆದುಕೊಂಡರೆ ಒಳಗೆ ಏನನ್ನೂ ಕಾಣುವ ಹಾಗೆ ಬಿಡಬೇಡಿ. ಚಾರ್ಜರ್ ವೈರು ಕೂಡ. ನನ್ನ ಮಗನ ಕಾರಿನ ಗಾಜು ಒಡೆದು ಕದ್ದದ್ದು ಏನು ಗೊತ್ತಾ? ಚಪಾತಿ ಇದ್ದ ಚೀಲ. ಚಪಾತಿ ಹೋದದ್ದಕ್ಕಲ್ಲ, ಗಾಜಿಗೆ ಬಿದ್ದ ದುಡ್ಡಿಗೆ ಹೊಟ್ಟೆ ಉರಿಯಿತು.

ಪ್ರಶ್ನೆ: ಶಿಕಾಗೊದಲ್ಲಿ ಒಂದೇ ದಿನ ಇದೆ. ವಿವೇಕಾನಂದರು ಮಾತಾಡಿದ ಜಾಗ ಈಗಲೂ ಇದೆಯಾ? (ಬೆಳಗಾವಿಯ ಓದುಗರು)

ಕಟ್ಟಡ ಇದೆ. 1893ರ ಸೆಪ್ಟೆಂಬರ್ 11ರಂದು ಅವರು ಮಾತಾಡಿದ್ದು ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ. ಮಿಷಿಗನ್ ಅವೆನ್ಯೂನಲ್ಲಿ ಬಾಗಿಲ ಎರಡೂ ಕಡೆ ಕಂಚಿನ ಸಿಂಹಗಳಿರುವ ಕಟ್ಟಡ. ಅಂದಿನ ಸಭಾಂಗಣ ಮಾತ್ರ ಈಗ ಇಲ್ಲ. ಎದುರಿನ ರಸ್ತೆಯ ಒಂದು ತುಂಡಿಗೆ ಸ್ವಾಮಿ ವಿವೇಕಾನಂದ ವೇ ಅಂತ ಗೌರವದ ಹೆಸರಿದೆ. ಸಿಗ್ನಲ್ ಕಂಬದ ಮೇಲೆ ಕಂದು ಬಣ್ಣದ ಹಲಗೆ ಹುಡುಕಿ. ಅಲ್ಲಿಂದ ಐದು ನಿಮಿಷ ನಡೆದರೆ ಮಿಲೇನಿಯಂ ಪಾರ್ಕ್, ಕನ್ನಡಿಯಂಥ ಹುರುಳಿಕಾಳಿನಾಕಾರದ ಆ ದೊಡ್ಡ ಶಿಲ್ಪ, ಪುಕ್ಕಟೆ. ಓಹೇರ್ ಏರ್‌ಪೋರ್ಟ್‌ನಿಂದ ಬ್ಲೂ ಲೈನ್ ರೈಲು ಇಪ್ಪತ್ನಾಲ್ಕು ಗಂಟೆಯೂ ಇದೆ, ಟ್ಯಾಕ್ಸಿ ಬೇಡ. ಸಂಜೆ ಸಮಯ ಉಳಿದರೆ ಮಿಷಿಗನ್ ಸರೋವರದ ದಂಡೆಯಲ್ಲಿ ಕೂತುಕೊಳ್ಳಿ. ನಮ್ಮ ಅಕ್ಕ ಮೂವತ್ತು ವರ್ಷದಿಂದ ಅದನ್ನು ಸಮುದ್ರ ಅಂತಲೇ ಕರೆಯುವುದು.

ಪ್ರಶ್ನೆ: ಒಂದು ತಿಂಗಳಿಗೆ ಇನ್ಶೂರೆನ್ಸ್ ಬೇಕಾ? ದುಡ್ಡು ದಂಡ ಅನಿಸುತ್ತದೆ. (ತುಮಕೂರಿನ ಓದುಗರು)

ಬೇಕು. ಇದರಲ್ಲಿ ಚೌಕಾಸಿ ಬೇಡ. ಆಂಬುಲೆನ್ಸಿಗೂ ಬಿಲ್ಲು ಬರುವ ದೇಶ ಇದು. ಬಿಪಿ, ಸಕ್ಕರೆ ಇದ್ದರೆ ಅದು ಪಾಲಿಸಿಯಲ್ಲಿ ಸೇರಿದೆಯಾ ಅಂತ ಓದಿ ತೆಗೆದುಕೊಳ್ಳಿ. ಜ್ವರ, ಕಾಲು ಉಳುಕಿದ್ದು ಇಂಥದಕ್ಕೆ ಎಮರ್ಜೆನ್ಸಿಗೆ ಓಡಬೇಡಿ, ‘ಅರ್ಜೆಂಟ್ ಕೇರ್’ ಅಂತ ಬೋರ್ಡಿರುವ ಕ್ಲಿನಿಕ್ಕಿಗೆ ಹೋಗಿ, ಖರ್ಚು ಎಷ್ಟೋ ಕಡಿಮೆ. ಎದೆನೋವು ಅಂದರೆ ಮಾತ್ರ ಯೋಚನೆ ಮಾಡದೆ 911ಕ್ಕೆ ಫೋನ್ ಮಾಡಿ. ದುಡ್ಡಿಲ್ಲ ಅಂತ ಎಮರ್ಜೆನ್ಸಿಯಲ್ಲಿ ವಾಪಸ್ ಕಳಿಸುವಂತಿಲ್ಲ, 1986ರಿಂದ ಕಾನೂನೇ ಇದೆ. ದಿನಾ ತೆಗೆದುಕೊಳ್ಳುವ ಮಾತ್ರೆ ಪೂರ್ತಿ ಪ್ರವಾಸಕ್ಕಾಗುವಷ್ಟು, ವೈದ್ಯರ ಚೀಟಿ ಸಮೇತ, ಕೈಚೀಲದಲ್ಲೇ ಇರಲಿ.

ಪ್ರಶ್ನೆ: ಅಂಗಡಿಗೆ ಹೋದರೆ ಗುರುತು ಪರಿಚಯ ಇಲ್ಲದವರೂ ‘ಹೌ ಆರ್ ಯೂ’ ಅನ್ನುತ್ತಾರಂತೆ. ಏನು ಹೇಳಬೇಕು? (ಶಿರಸಿಯ ಓದುಗರು)

‘ಗುಡ್, ಹೌ ಆರ್ ಯೂ’ ಅಂದು ಸಾಮಾನು ಮುಂದಿಡಬೇಕು. ಅದು ನಮಸ್ಕಾರ ಅಂದ ಹಾಗೆ, ಉತ್ತರ ಯಾರೂ ಕಾಯುವುದಿಲ್ಲ.

ನಮ್ಮಮ್ಮ ಮೊದಲ ಸಲ ಬಂದಾಗ ನಾನು ಇದನ್ನು ಹೇಳಿಕೊಡಲು ಮರೆತಿದ್ದೆ. ನಮ್ಮ ಬೀದಿಯ ಅಂಗಡಿಯ ಕೌಂಟರಿನ ಹುಡುಗಿ ಕೇಳಿದಳು. ಅಮ್ಮ ಹಾಲಿನ ಡಬ್ಬಿ ಪಕ್ಕಕ್ಕಿಟ್ಟು, ಮೊಣಕಾಲು ಮುಟ್ಟಿ ತೋರಿಸಿ, ‘ಪೇನ್, ವೆರಿ ಪೇನ್, ವಿಂಟರ್’ ಅಂತ ಶುರು ಮಾಡಿದರು. ಹಿಂದೆ ಐದು ಜನ ಕ್ಯೂ. ನನಗೆ ನೆಲ ಬಿರಿಯಬಾರದೇ ಅನಿಸಿತು. ಆ ಹುಡುಗಿ ಬಾರ್‌ಕೋಡ್ ಗನ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಮ್ಮ ವಾಪಸ್ ಹೋಗುವ ತನಕ, ಐದು ತಿಂಗಳು, ನಮ್ಮನ್ನು ಕಂಡಾಗಲೆಲ್ಲ ಅವಳು ‘ಹೌ ಆರ್ ಯೂ’ ಅನ್ನುತ್ತಿರಲಿಲ್ಲ. ಮೊಣಕಾಲು ಹೇಗಿದೆ ಅಂತ ಸೀದಾ ‘ಹೌ ಈಸ್ ದ ನೀ?’ ಅನ್ನುತ್ತಿದ್ದಳು.